ಹೊಲದ ಮಕ್ಕಳಿಗೆ ಹೊಲದ ಪರೀಕ್ಷೆ



ಬೆಳ್ಳಿಹಬ್ಬದ ಈ ಸಭೆಯಲ್ಲಿ ಸಾಲ, ಬಡ್ಡಿ, ಗೊಬ್ಬರದ ಮಾತು ಸಾಕಷ್ಟು ಆದವು. ನಾವು ಮಕ್ಕಳ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇವೆ. ಇದರೊಳಗೂ ಗೊಬ್ಬರದ ಚೀಲ ಬರ್ತದ, ಬೇಸರ ಮಾಡ್ಕೋಬ್ಯಾಡ್ರಿ.

ನಮ್ಮ ಕಡೆ ಪಿ.ಯು.ಸಿ. ವಿಜ್ಞಾನ ಅಂದರೆ ಡಾಕ್ಟರ್, ಇಲ್ಲಾ ಎಂಜಿನಿಯರ್. ಬಿ.ಎಸ್ಸಿ. ಕೃಷಿ ಪದವಿಯ ನೆನಪು ಬಹಳ ಮಂದಿಗೆ ಆಗೋದೇ ಇಲ್ಲ. 2008ರಲ್ಲಿ ರಾಯಚೂರಿಗೇ ಕೃಷಿ ವಿಶ್ವವಿದ್ಯಾಲಯ ಬಂತು. ಲಿಂಗಸುಗೂರು ರಸ್ತೆಯಲ್ಲಿ ಹೋಗುವಾಗ ಎಲ್ಲರೂ ಅದರ ಗೇಟು ನೋಡಿದವರೇ. ಒಳಗೆ ಹೋಗುವ ದಾರಿ ಮಾತ್ರ ಗೊತ್ತಿಲ್ಲ.

ದಾರಿ ಹೀಗಿದೆ. ಸಿ.ಇ.ಟಿ. ಬರೆಯಬೇಕು. ಅದರ ಜೊತೆ ಕೃಷಿಕರ ಮಕ್ಕಳಿಗೆಂದೇ ಒಂದು ಪಾಲು ಸೀಟು ಉಂಟು; ಮೊದಲು ನೂರಕ್ಕೆ 40 ಇದ್ದದ್ದು ನಂತರ 50ಕ್ಕೆ ಏರಿತು. ಈ ಪಾಲಿಗೆ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಆಯ್ಕೆಯ ಲೆಕ್ಕದಲ್ಲಿ ಪಿ.ಯು.ಸಿ. ಅಂಕಕ್ಕೆ ಕಾಲು ಭಾಗ, ಸಿ.ಇ.ಟಿ.ಗೆ ಕಾಲು ಭಾಗ, ಈ ಹೊಲದ ಪರೀಕ್ಷೆಗೆ ಅರ್ಧ ಭಾಗ. ಅರ್ಧ! ಬೆಂಗಳೂರಿನ ಕೋಚಿಂಗ್‌ಗೆ ಲಕ್ಷ ಸುರಿದರೂ ಸಿಗದ ಅಂಕ ನಮ್ಮ ಬದುವಿನ ಮೇಲೆ ಬಿದ್ದಾವ.

ಆದರೆ ನಮ್ಮ ಮಕ್ಕಳಿಗೆ ಅವು ಸಿಗ್ತಾವ ಅಂತ ಧೈರ್ಯದಿಂದ ಹೇಳಲಾರೆವು. ಎಂಟನೇ ಇಯತ್ತೆಗೇ ಹಾಸ್ಟೆಲಿಗೆ ಕಳಿಸ್ತೀವಿ. ರಜೆಗೆ ಬಂದರೆ 'ಹೊಲಕ್ಕೆ ಬರಬ್ಯಾಡ, ಓದು' ಅಂತೀವಿ. ಹುಡುಗನಿಗೆ ಸಾರಿನ ತೊಗರಿ ಗೊತ್ತು, ಬೇರಿನ ಗಂಟು ಕಂಡಿಲ್ಲ. ಒಂದು ಗಿಡ ಕಿತ್ತು ಗಂಟು ಸೀಳಿ ತೋರಿಸ್ರಿ. ಒಳಗೆ ನಸುಗೆಂಪು ಇದ್ದರೆ ಅದು ಜೀವಂತ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತಾ ಇದೆ. ಮೆಣಸಿನಕಾಯಿ ಎಲೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ. ಹತ್ತಿ ಹೂವು ಅರಳದೆ ಗುಲಾಬಿ ಮೊಗ್ಗಿನಂತೆ ಮುಚ್ಚಿಕೊಂಡಿದ್ದರೆ ಒಳಗೆ ಗುಲಾಬಿ ಕಾಯಿಕೊರಕ ಕುಂತದ ಅಂತ ತಿಳೀರಿ. ರೈತನಿಗೆ ಕಣ್ಣಳತೆ ಇದೆ, ಹುಡುಗನಿಗೆ ಪುಸ್ತಕದ ಹೆಸರಿದೆ. ಎರಡೂ ಒಂದೇ ಕಡೆ ಕೂಡಬೇಕು.

ಇನ್ನು ಗೊಬ್ಬರದ ಚೀಲ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಹಾಗಾದರೆ 45 ಕಿಲೋ ಚೀಲದಲ್ಲಿ ಎಷ್ಟು? 20 ಕಿಲೋ 700 ಗ್ರಾಂ. ಡಿ.ಎ.ಪಿ. ಮೇಲೆ 18:46 ಅಂತ ಬರೆದಿರ್ತದ. 50 ಕಿಲೋ ಚೀಲಕ್ಕೆ ಸಾರಜನಕ 9 ಕಿಲೋ, ರಂಜಕ 23 ಕಿಲೋ. ಎಕರೆಗೆ 40 ಗುಂಟೆ, ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಈ ಲೆಕ್ಕ ಮಾಡಬಲ್ಲ ಹುಡುಗ ಪರೀಕ್ಷೆಗೂ ಆದ, ಅಪ್ಪನಿಗೂ ಆದ. ಕೂರಿಗೆ, ಕುಂಟಿ, ರೆಂಟೆ ನಮ್ಮ ಮನೆ ಹೆಸರು. ಅವುಗಳ ಕೆಲಸವನ್ನೂ ಬಾಯಿಬಿಟ್ಟು ಹೇಳಲು ಬರಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಲಿ. ಏನೋ ಒಂದು ಹೇಳಿದರೆ ಕೇಳುವವರಿಗೆ ತಕ್ಷಣ ತಿಳಿಯುತ್ತದೆ.

ತಾಯಂದಿರಿಗೆ ಒಂದು ಮಾತು. ಕಳೆ ತೆಗೆಯುವವರು, ಹತ್ತಿ ಬಿಡಿಸುವವರು ನಮ್ಮ ಹೆಣ್ಣುಮಕ್ಕಳು. ಕಸ ಯಾವುದು, ಬೆಳೆ ಯಾವುದು ಅಂತ ಗಂಡುಹುಡುಗರಿಗಿಂತ ಅವರೇ ಚೆನ್ನಾಗಿ ಬಲ್ಲರು. 'ಪರೀಕ್ಷೆಗೆ ಅಷ್ಟು ದೂರ ಯಾರು ಕರಕೊಂಡು ಹೋಗಬೇಕು' ಅಂತ ಕೂಡಿಸಬ್ಯಾಡ್ರಿ.

ಕಾಗದಪತ್ರದ ಕೆಲಸ ಮೊದಲೇ ಮುಗಿಸಿರಿ. ಅರ್ಜಿ ತುಂಬುವಾಗಲೇ ಕೃಷಿಕರ ಕೋಟಾ ಎಂದು ಗುರುತು ಹಾಕಬೇಕು, ದೇವದುರ್ಗದ ತಹಶೀಲ್ ಕಚೇರಿಯ ಪ್ರಮಾಣಪತ್ರ ಬೇಕು. 2013ರಲ್ಲಿ ಜಾರಿಯಾದ 371-ಜೆ ಪ್ರಕಾರ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ 70 ಸೀಟು ಸ್ಥಳೀಯರಿಗೆ. ಅದರ ಪ್ರಮಾಣಪತ್ರ ಬೇರೆ. ಪರೀಕ್ಷೆಯ ರೀತಿ ಬದಲಾಗುವುದುಂಟು, ಆಯಾ ವರ್ಷದ ಕೈಪಿಡಿ ಓದಿಸಿರಿ.

ಆಡಳಿತ ಮಂಡಳಿಯವರಲ್ಲಿ ನಮ್ಮದೊಂದು ಬೇಡಿಕೆ. ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ನಾಲ್ಕು ಭಾನುವಾರ ಗೋದಾಮಿನ ಬಾಗಿಲು ಮಕ್ಕಳಿಗೆ ತೆರೆಯಿರಿ. ಬೀಜ, ಗೊಬ್ಬರ, ತಕ್ಕಡಿ ಅಲ್ಲೇ ಇವೆ. ಪ್ರಶ್ನೆ ಕೇಳಲು ನಾವು ಬರ್ತೀವಿ, ಉತ್ತರ ತಪ್ಪಾದರೆ ತಿದ್ದಲು ನಿಮ್ಮಲ್ಲಿ ಇಬ್ಬರು ಹಿರಿಯ ಒಕ್ಕಲಿಗರು ಕುಂತರೆ ಸಾಕು.