ಬೆಲೆ ಏರಿದಾಗ ಸಂಘದ ದುಡ್ಡಿಗೆ ಏನಾಗುತ್ತೆ?

ಇವತ್ತು ದೊಡ್ಡ ಬ್ಯಾಂಕ್ ಬಗ್ಗೆ ಮಾತಾಡಲ್ಲ. ನಿಮ್ಮ ಅವ್ವ ವಾರಕ್ಕೊಂದು ಸಲ ಪಾಸ್‌ಬುಕ್ ಹಿಡ್ಕೊಂಡು ಹೋಗ್ತಾರಲ್ಲ, ಆ ಸಂಘದ ಬಗ್ಗೆ ಮಾತಾಡ್ತೀನಿ.

ನಂಜನಗೂಡಿಂದ ಚಾಮರಾಜನಗರಕ್ಕೆ ಹೋಗೋ ದಾರಿಯಲ್ಲಿರೋ ನಮ್ಮ ಕವಲಂದೆಯಂಥ ಊರಲ್ಲಿ ಸಾಲಕ್ಕೆ ಮೂರು ಬಾಗಿಲು. ಒಂದು ಸೊಸೈಟಿ, ಇನ್ನೊಂದು ಮಹಿಳಾ ಸಂಘ, ಮತ್ತೊಂದು ಫೈನಾನ್ಸ್. ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಅಂತ 2023ರ ರಾಜ್ಯ ಬಜೆಟ್‌ನಲ್ಲಿ ಘೋಷಣೆ ಆಯ್ತು. ಆದರೆ ಅದು ಜಮೀನಿರೋ ರೈತರಿಗೆ. ಕೂಲಿಗೆ ಹೋಗೋರಿಗೆ ಉಳಿಯೋದು ಸಂಘ.

ಒಂದು ಲೆಕ್ಕ ಹಾಕೋಣ. ಸಂಘದಲ್ಲಿ 20 ಜನ, ವಾರಕ್ಕೆ ತಲಾ 50 ರೂಪಾಯಿ ಅಂದ್ಕೊಳ್ಳಿ. ವಾರಕ್ಕೆ ಸಾವಿರ, ವರ್ಷಕ್ಕೆ 52 ಸಾವಿರ. ಸಂಘದೊಳಗೆ ಸಾಲ ಕೊಡೋದು ಈ ದುಡ್ಡಲ್ಲೇ. ಎಣ್ಣೆ, ಬೇಳೆ, ಸ್ಕೂಲ್ ಫೀಸು ಎಲ್ಲಾ ಏರಿ, 8 ಜನ ಕಟ್ಟೋದು ನಿಲ್ಲಿಸಿದ್ರೆ ವಾರಕ್ಕೆ ಬರೋದು 600 ಮಾತ್ರ. ಸಾಲ ಕೇಳೋರು ಹೆಚ್ಚಾಗೋದೂ ಅದೇ ಹೊತ್ತಲ್ಲಿ.

ಸಾಲದ ಕಾರಣವೂ ಬದಲಾಗುತ್ತೆ. ಹಸು ತಗೊಂಡ್ರೆ ಹಾಲು ಮಾರಿ ಕಂತು ಕಟ್ಟಬಹುದು. ದಿನಸಿಗೆ ಮಾಡಿದ ಸಾಲದಲ್ಲಿ ದಿನಸಿ ತಿಂಗಳಲ್ಲಿ ಮುಗಿದುಹೋಗುತ್ತೆ, ಕಂತು ವರ್ಷವಿಡೀ ಇರುತ್ತೆ.

ಸಂಘದಲ್ಲಿ ದುಡ್ಡಿಲ್ಲ ಅಂದಾಗ ಜನ ಫೈನಾನ್ಸ್ ಕಡೆ ತಿರುಗ್ತಾರೆ. ಅಲ್ಲಿ ಸಾಮಾನ್ಯವಾಗಿ ಗುಂಪು ಜಾಮೀನು, ಒಬ್ಬರು ಕಟ್ಟದಿದ್ರೆ ಉಳಿದವರ ಮೇಲೆ ಒತ್ತಡ. ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ. 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರ ಭಾಗದ ಜನ ವಸೂಲಿ ಕಾಟಕ್ಕೆ ಊರು ಬಿಟ್ಟ ಸುದ್ದಿ ನೀವೂ ನೋಡಿರ್ತೀರಿ. ಫೆಬ್ರವರಿ 12ರಂದು ರಾಜ್ಯಪಾಲರು ಸುಗ್ರೀವಾಜ್ಞೆಗೆ ಸಹಿ ಹಾಕಿದ್ರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಕಾನೂನು ಬೇಕಿತ್ತು, ಬಂತು. ಆದರೆ ಅದು ಸಂಘದ ಪೆಟ್ಟಿಗೆ ತುಂಬಿಸಲ್ಲ. ಅದಕ್ಕೇ ನನ್ನ ಮಾತು ಇಷ್ಟೇ: ಕೈ ಬಿಗಿಯಾದಾಗ ಉಳಿತಾಯ ಪೂರ್ತಿ ನಿಲ್ಲಿಸಬೇಡಿ. 50 ಆಗದಿದ್ರೆ 20 ಕಟ್ಟೋಣ ಅಂತ ಸಭೆಯಲ್ಲೇ ಒಪ್ಪಿ, ಪುಸ್ತಕದಲ್ಲಿ ಬರೆಸಿ. ತುರ್ತಿಗೆ ಅಂತ ಸ್ವಲ್ಪ ದುಡ್ಡು ಬೇರೆ ಇಡಿ.

ಫೋನ್ ಕೈಯಲ್ಲಿರೋ ನಿಮಗೂ ಒಂದು ಕೆಲಸ ಇದೆ. ಇವತ್ತು ರಾತ್ರಿ ಅವ್ವನ ಜೊತೆ ಕೂತು ಮನೆಯ ಎಲ್ಲಾ ಕಂತು ಕೂಡಿಸಿ. ರಿಸರ್ವ್ ಬ್ಯಾಂಕ್‌ನ 2022ರ ನಿಯಮದ ಪ್ರಕಾರ, ಮೈಕ್ರೋಫೈನಾನ್ಸ್ ಸಾಲ ಕೊಡೋವಾಗ ಒಟ್ಟು ಕಂತು ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡೋ ಹಾಗಿಲ್ಲ. ನಿಮ್ಮ ಲೆಕ್ಕ ಅರ್ಧ ದಾಟಿದ್ರೆ ಹೊಸ ಸಾಲದ ಫಾರಂಗೆ ಸಹಿ ಹಾಕೋ ಮುಂಚೆ ಸಂಘದ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.