ದಂಡಿನ ವೈದ್ಯ ರೋನಾಲ್ಡ್ ರಾಸರು



ಚಿಮ್ಮಡದ ಮಠದ ಮಹೋತ್ಸವದಲ್ಲಿ ಪರದೇಶದ ಕುಲದವರಾಗಿ ಆಂಗ್ಲರ ಸೈನ್ಯದಲ್ಲಿ ಊಳಿಗ ಮಾಡಿದ ವೈದ್ಯರೊಬ್ಬರ ಚರಿತ್ರೆಯನ್ನು ಸ್ಮರಿಸುವುದೇಕೆಂದು ಕೆಲವರಿಗೆ ತೋರಬಹುದು. ಕೃಷ್ಣೆ ಘಟಪ್ರಭೆಗಳ ನಡುವಣ ಈ ಸೀಮೆಯಲ್ಲಿ ಚಳಿಜ್ವರದ ಹೆಸರನ್ನು ಕೇಳದ ಮನೆಯಿಲ್ಲ. ಆ ಜ್ವರದ ಮೂಲವನ್ನು ಕಂಡುಹಿಡಿದವರು ಸರ್ ರೋನಾಲ್ಡ್ ರಾಸರು. ಆ ಶೋಧದ ದಾರಿಯಲ್ಲಿ ಎರಡು ಮುಖ್ಯ ಘಟ್ಟಗಳು ಕನ್ನಡ ನೆಲದಲ್ಲಿಯೇ, ಬೆಂಗಳೂರಿನಲ್ಲಿಯೇ ನಡೆದವು. ಈ ಸಂಗತಿ ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು?

ರಾಸರು 1857ನೆಯ ಇಸವಿ ಮೇ 13ರಂದು ಹಿಮಾಲಯದ ಅಲ್ಮೋಡಾದಲ್ಲಿ ಜನಿಸಿದರು. ತಂದೆ ಸೈನ್ಯದ ಅಧಿಕಾರಿ. ಮಗನಿಗಾದರೋ ಚಿತ್ರ, ಸಂಗೀತ, ಕಾವ್ಯಗಳಲ್ಲಿಯೇ ಆಸಕ್ತಿ. ವೈದ್ಯವಿದ್ಯೆಯನ್ನು ಕಲಿತದ್ದು ತಂದೆಯ ಆಜ್ಞೆಗಾಗಿ. ಲಂಡನ್ನಿನಲ್ಲಿ ಹೇಗೋ ಪರೀಕ್ಷೆಗಳನ್ನು ಮುಗಿಸಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿ, ಮದ್ರಾಸ್ ಇಲಾಖೆಯ ಪಲಟಣಗಳಲ್ಲಿ ಕೆಲಸಕ್ಕೆ ನಿಂತರು. ಬರ್ಮಾ ಯುದ್ಧಕ್ಕೂ ಹೋಗಿ ಬಂದರು. ಮೊದಲ ವರ್ಷಗಳಲ್ಲಿ ಅವರಿಂದ ವಿಶೇಷವಾದದ್ದೇನೂ ಆಗಲಿಲ್ಲವೆಂದೇ ಹೇಳಬೇಕು. ಬಿಡುವಿನ ವೇಳೆಯೆಲ್ಲವೂ ಗಣಿತಕ್ಕೂ ಪದ್ಯರಚನೆಗೂ ಮೀಸಲಾಗಿದ್ದಿತು.

ಆದರೂ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವನ್ನು ಮರೆಯಲಾಗದು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಅತಿಯಾಗಿತ್ತು. ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಬಗ್ಗಿ ನೋಡಿದರೆ ಹುಳುಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು, ಕಾಟ ಇಳಿಯಿತು. ಇದನ್ನೇ ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಮಾಡಬಹುದೆಂದು ಪಲಟಣದ ಅಡ್ಜುಟೆಂಟನಿಗೆ ಸೂಚಿಸಲು, ಸೊಳ್ಳೆಗಳನ್ನು ಸೃಷ್ಟಿಸಿದುದಕ್ಕೂ ಏನಾದರೊಂದು ಉದ್ದೇಶವಿದ್ದೀತು, ಅವುಗಳನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬ ಧಾಟಿಯಲ್ಲಿ ಆತನು ಅದನ್ನು ತಳ್ಳಿಹಾಕಿದನು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ತಿಳಿಯುವುದಕ್ಕೆ ಇನ್ನೂ 14 ವರ್ಷಗಳಿದ್ದವು. ಜ್ಞಾನ ಬರುವ ಮೊದಲೇ ಉಪಾಯ ಬಂದಿತ್ತು. ತಡೆದು ನಿಂತದ್ದು ಮಾತ್ರ ಮನಸ್ಸಿನ ಜಡತೆ. ಮೊಟ್ಟೆಯು ಹುಳುವಾಗಿ, ಹುಳುವು ರೆಕ್ಕೆ ಪಡೆದು ಹಾರುವುದಕ್ಕೆ ನಮ್ಮ ಹವೆಯಲ್ಲಿ ಸುಮಾರು ಒಂದು ವಾರ, ಹತ್ತು ದಿನ ಹಿಡಿಯುತ್ತದೆ. ವಾರಕ್ಕೊಮ್ಮೆ ಹಂಡೆ, ಬಾನಿ, ತೊಟ್ಟಿಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಬೇಕೆಂದು ಆರೋಗ್ಯ ಇಲಾಖೆಯವರು ಇಂದು ಮನೆಮನೆಗೆ ಬಂದು ಹೇಳುವುದರ ಕಾರಣ ಇದೇ. ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಗಂತೂ ಕೊಳಚೆಯ ಗೊಡವೆಯೇ ಬೇಡ. ಮನೆಯ ತಿಳಿನೀರೇ ಅದಕ್ಕೆ ತೊಟ್ಟಿಲು.

1888ರಲ್ಲಿ ರಜೆಯ ಮೇಲೆ ಊರಿಗೆ ಹೋದ ರಾಸರು ಸಾರ್ವಜನಿಕ ಆರೋಗ್ಯಶಾಸ್ತ್ರದ ಡಿಪ್ಲೊಮಾ ಪಡೆದು, ಸೂಕ್ಷ್ಮಜೀವಿಶಾಸ್ತ್ರವನ್ನೂ ಕಲಿತರು. ಅವರು ನಿಜವಾದ ವಿದ್ಯಾರ್ಥಿಯಾದದ್ದು ಇಲ್ಲಿಂದ. 1894ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ನರು ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಾಣುವನ್ನು ಅವರಿಗೆ ತೋರಿಸಿ, ಇದನ್ನು ಸೊಳ್ಳೆ ಒಯ್ಯುತ್ತಿರಬಹುದೆಂಬ ತಮ್ಮ ಊಹೆಯನ್ನು ತಿಳಿಸಿದರು. ಇಟಲಿಯ ಭಾಷೆಯಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿ. ಜಗತ್ತು ಅಲ್ಲಿಯವರೆಗೂ ಗಾಳಿಯನ್ನೇ ದೂರುತ್ತಿತ್ತು.

ಸಿಕಂದರಾಬಾದಿನಲ್ಲಿ ಶೋಧನೆಯನ್ನು ಆರಂಭಿಸಿದೊಡನೆಯೇ, 1895ರ ಸೆಪ್ಟೆಂಬರಿನಲ್ಲಿ, ಸರಕಾರದ ಅಪ್ಪಣೆಯಾಯಿತು: ಬೆಂಗಳೂರಿನ ದಂಡುಪ್ರದೇಶದಲ್ಲಿ ವಾಂತಿಭೇದಿ ಹಬ್ಬಿದೆ, ಕೂಡಲೆ ಹೊರಡತಕ್ಕದ್ದು. ಬೇರೆಯವರಾಗಿದ್ದರೆ ಬೇಸರಪಟ್ಟು ಕಾಗದ ತುಂಬಿ ಕಾಲ ಕಳೆಯುತ್ತಿದ್ದರು. ರಾಸರು ಬಾವಿಗಳನ್ನೂ ಚರಂಡಿಗಳನ್ನೂ ಇಕ್ಕಟ್ಟಿನ ಓಣಿಗಳನ್ನೂ ಪರೀಕ್ಷಿಸಿ, ವಾಂತಿಭೇದಿಯನ್ನೂ ಊರಿನ ನೈರ್ಮಲ್ಯವನ್ನೂ ಅದರ ಆಡಳಿತವನ್ನೂ ಕುರಿತು 1896ರಲ್ಲಿ ದೊಡ್ಡ ವರದಿಯೊಂದನ್ನು ಬರೆದರು. ಊರಿನ ಆರೋಗ್ಯವು ಔಷಧದ ಸೀಸೆಯಲ್ಲಿಲ್ಲ, ನೀರಿನ ಶುದ್ಧಿಯಲ್ಲಿಯೂ ಕಸ ಗುಡಿಸುವವನ ಕಾಯಕದಲ್ಲಿಯೂ ಇದೆಯೆಂಬ ನಂಬಿಕೆ ಅವರಿಗೆ ಅಲ್ಲಿ ಗಟ್ಟಿಯಾಯಿತು. ಅದೇ ವರ್ಷ ಹೆಸರಘಟ್ಟದ ನೀರು ನಳಿಗೆಗಳ ಮೂಲಕ ಬೆಂಗಳೂರಿಗೆ ಬಂದಿತು.

ಈ ದುಡಿಮೆಯ ನಡುವೆಯೂ ಸೊಳ್ಳೆಯ ಕೆಲಸ ನಿಲ್ಲಲಿಲ್ಲ. ಸೊಳ್ಳೆ ಸತ್ತು ಬಿದ್ದ ನೀರನ್ನು ಕುಡಿದರೆ ಜ್ವರ ಬರುವುದೆಂಬುದು ಮ್ಯಾನ್ಸನ್ನರ ಊಹೆ. ಪರೀಕ್ಷಿಸಿದಾಗ ಅದು ಸಿದ್ಧವಾಗಲಿಲ್ಲ. ಹಾಗಾದರೆ ಕಚ್ಚುವುದರಿಂದಲೇ ಬರುತ್ತದೆಯೇ? ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು, ರಾಸರ ಬರಹದಲ್ಲಿ ಅಪ್ಪಯ್ಯ ಎಂದು ಕಾಣಿಸುವವರು, ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಗೆ ತಮ್ಮ ತೋಳನ್ನೇ ಒಡ್ಡಿದರು. ಜ್ವರ ಬರಲಿಲ್ಲ. ರೋಗವನ್ನು ಹೊರುವ ಸೊಳ್ಳೆಯ ಜಾತಿಯೇ ಬೇರೆ, ಜೀವಾಣುವು ಅದರ ಮೈಯಲ್ಲಿ ಬೆಳೆಯುವುದಕ್ಕೆ ಹಲವು ದಿನಗಳು ಬೇಕು ಎಂಬುದು ಆಗ ಯಾರಿಗೂ ತಿಳಿಯದು. ತಿಳಿಯದೆಯೇ ತೋಳನ್ನು ಒಡ್ಡಿದ ಆ ವೈದ್ಯರಿಗೆ ಯಾವ ಪದಕವೂ ದೊರೆಯಲಿಲ್ಲ. ಯುದ್ಧದಲ್ಲಿ ಗುಂಡಿಗೆ ಎದೆಯೊಡ್ಡಿದವನ ಧೈರ್ಯಕ್ಕಿಂತ ಇದು ಯಾವ ತೂಕದಲ್ಲಿ ಕಡಿಮೆ?

1897ರಲ್ಲಿ ರಾಸರು ಸಿಕಂದರಾಬಾದಿಗೆ ಮರಳಿದರು. ಹುಸೇನ್ ಖಾನನೆಂಬ ರೋಗಿಗೆ ಕಡಿತಕ್ಕೆ ಒಂದಾಣೆಯಂತೆ ಕೊಟ್ಟು, ಆಗಸ್ಟ್ 16ರಂದು ಹೊಸ ಬಗೆಯ ಸೊಳ್ಳೆಗಳಿಂದ ಕಚ್ಚಿಸಿದರು. ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಪಂಖೆ ಬೀಸಿದರೆ ಸೊಳ್ಳೆಗಳು ಹಾರಿಹೋದಾವೆಂದು ಸೆಕೆಯಲ್ಲಿಯೇ ಕುಳಿತರು. ಆಗಸ್ಟ್ 20ರಂದು, ಅನಾಫಿಲೀಸ್ ಜಾತಿಯ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ಕೋಶಗಳು ಕಂಡವು. ಮಲೇರಿಯಾದ ಜೀವಾಣುವೇ ಅಲ್ಲಿ ಬೆಳೆಯುತ್ತಿದ್ದಿತು.

ಇಷ್ಟಾದ ಮೇಲೆ ಸರಕಾರವು ಮಾಡಿದ ಉಪಕಾರವೇನು? ಮಲೇರಿಯಾದ ರೋಗಿಗಳೇ ದುರ್ಲಭವಾದ ರಾಜಪುತಾನದ ಖೇರ್ವಾಡಕ್ಕೆ ವರ್ಗ ಮಾಡಿತು! ತಿಂಗಳುಗಳು ವ್ಯರ್ಥವಾದವು. ಮರುವರ್ಷ ಕಲಕತ್ತೆಗೆ ಹೋದರೆ, ಪ್ಲೇಗಿನ ಲಸಿಕೆಯ ಭೀತಿಯಿಂದ ಜನರು ಸೂಜಿಗೆ ಬೆರಳು ಕೊಡಲೊಲ್ಲರು. ಅದೇ 1898ರಲ್ಲಿ ನಮ್ಮ ಹುಬ್ಬಳ್ಳಿಯ ಜನರು ಆ ಲಸಿಕೆಯನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಾಕಿಸಿಕೊಂಡದ್ದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬಹುದು. ರಾಸರು ಹಕ್ಕಿಗಳ ಮಲೇರಿಯಾವನ್ನು ಹಿಡಿದು ಕುಳಿತರು. ಮಹಮದ್ ಬಕ್ಷನೆಂಬ ಸೇವಕನು ಸೊಳ್ಳೆ ಹಿಡಿದು ತರುವನು, ಇವರು ಸೀಳಿ ನೋಡುವರು. ಜುಲೈ ತಿಂಗಳಲ್ಲಿ ಜೀವಾಣುವು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರುವುದೂ, ಕಚ್ಚಿದಾಗ ಅಲ್ಲಿಂದ ಇನ್ನೊಂದು ಹಕ್ಕಿಗೆ ಇಳಿಯುವುದೂ ಸ್ಪಷ್ಟವಾಯಿತು. 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ರಾಸರು ಸಾಧುಸ್ವಭಾವದವರಾಗಿರಲಿಲ್ಲ. ಇಟಲಿಯ ಗ್ರಾಸ್ಸಿಯವರೊಡನೆ ಶೋಧದ ಕೀರ್ತಿಗಾಗಿ ವರ್ಷಗಟ್ಟಲೆ ಕಲಹವಾಡಿದರು. ಮುಂದೆ ಗುರುಸಮಾನರಾದ ಮ್ಯಾನ್ಸನ್ನರೊಡನೆಯೂ ಮುನಿಸಿಕೊಂಡರು. ಆದರೆ 1899ರಲ್ಲಿ ಸೈನ್ಯದ ಊಳಿಗವನ್ನು ಬಿಟ್ಟ ತರುವಾಯವೂ ಕೆಲಸವನ್ನು ಬಿಡಲಿಲ್ಲ. ಲಿವರ್ಪೂಲಿನಲ್ಲಿ ಪಾಠ ಹೇಳಿದರು. ಸಿಯೆರಾ ಲಿಯೋನ್, ಇಸ್ಮಾಯಿಲಿಯಾ, ಮಾರಿಷಸ್ ದ್ವೀಪಗಳವರೆಗೆ ಅಲೆದು ಹೊಂಡಗಳನ್ನು ಮುಚ್ಚುವ ಬಗೆಯನ್ನು ತಿಳಿಸಿದರು. 1910ರಲ್ಲಿ ಮಲೇರಿಯಾ ನಿವಾರಣೆಯ ಗ್ರಂಥವನ್ನು ಪ್ರಕಟಿಸಿದರು. ಬಾಲ್ಯದ ಗಣಿತವೂ ಕೈಬಿಡಲಿಲ್ಲ. ಜ್ವರವನ್ನು ಅಳಿಸಬೇಕಾದರೆ ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಕ್ಕೆ ಇಳಿಸಿದರೆ ರೋಗವು ತಾನಾಗಿಯೇ ಕ್ಷೀಣಿಸುವುದೆಂದು ಲೆಕ್ಕದಿಂದ ತೋರಿಸಿದರು. ಸಾಂಕ್ರಾಮಿಕ ರೋಗಗಳನ್ನು ಗಣಿತದಿಂದ ಅಳೆಯುವವರು ಇಂದಿಗೂ ಈ ಲೆಕ್ಕದಿಂದಲೇ ಹೊರಡುತ್ತಾರೆ. ಎಲ್ಲವನ್ನೂ ಮಾಡಲಾಗದೆಂದು ಏನನ್ನೂ ಮಾಡದೆ ಕೂಡುವ ಹಳ್ಳಿಯ ಪಂಚರು ಇದನ್ನು ಕಿವಿಗೊಟ್ಟು ಕೇಳತಕ್ಕದ್ದು.

1914ರ ಮಹಾಯುದ್ಧದಲ್ಲಿ ಹಿರಿಯ ಮಗನು ರಣರಂಗದಲ್ಲಿ ಮಡಿದನು. ಆ ದುಃಖವನ್ನು ನುಂಗಿಕೊಂಡು ಮುದಿ ವೈದ್ಯರು ಸೈನ್ಯಕ್ಕೆ ಮಲೇರಿಯಾದ ಸಲಹೆಗಾರರಾಗಿ ಮತ್ತೆ ಸಮವಸ್ತ್ರ ತೊಟ್ಟರು. 1927ರ ಜನವರಿಯಲ್ಲಿ ಕಲಕತ್ತೆಗೆ ಬಂದು, ತಾವು ದುಡಿದ ಆಸ್ಪತ್ರೆಯ ಬಳಿ ಕಟ್ಟಿಸಿದ ಸ್ಮಾರಕದ್ವಾರವನ್ನು ಕಂಡರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ, ತಮ್ಮ ಹೆಸರಿನಲ್ಲಿಯೇ ಸ್ಥಾಪಿತವಾಗಿದ್ದ ಸಂಸ್ಥೆಯಲ್ಲಿ, ಕಾಲವಶರಾದರು.