ಹೆಪ್ಪು, ಕಡೆಗೋಲು ಮತ್ತು ನಡುವಿನ ನೀರು

ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಆ ಪಾತ್ರೆಯನ್ನು ಯಾರೂ ಅಲುಗಾಡಿಸಕೂಡದು. ಮಕ್ಕಳು ಕೈಯಿಟ್ಟರೆ ಅಜ್ಜಿ ಗದರುತ್ತಾಳೆ. ಬೆಳಗಾದರೆ ಅದೇ ಅಜ್ಜಿ ಅದೇ ಮೊಸರಿಗೆ ಕಡೆಗೋಲು ಇಳಿಸಿ, ಬೆಣ್ಣೆ ತೇಲುವವರೆಗೆ ಹಗ್ಗ ಎಳೆಯುವುದನ್ನು ಬಿಡುವುದಿಲ್ಲ. ಎರಡು ಸಲವೂ ನಡೆಯುವುದು ಕಣಕ್ಕೆ ಕಣ ಅಂಟುವ ಕೆಲಸವೇ. ಒಮ್ಮೆ ನೀರು ಅಲ್ಲಾಡಬಾರದು, ಇನ್ನೊಮ್ಮೆ ಅಲ್ಲಾಡಲೇಬೇಕು. ಏಕೆ? ಈ ದತ್ತಿ ಉಪನ್ಯಾಸದ ವಿಷಯ ಇದು.

ನೀರಿನಲ್ಲಿ ಕರಗದೆ, ತಳಕ್ಕೂ ಇಳಿಯದೆ ಹರಡಿಕೊಂಡಿರುವ ಸೂಕ್ಷ್ಮ ಕಣಗಳ ವ್ಯವಸ್ಥೆಗೆ ಕಲಿಲ ಎಂದು ಹೆಸರು. 1861ರಲ್ಲಿ ಥಾಮಸ್ ಗ್ರಹಾಂ ಬಳಕೆಗೆ ತಂದ 'ಕೊಲಾಯ್ಡ್' ಎಂಬ ಹೆಸರಿನ ಬೇರು, ಅಂಟು ಎಂಬರ್ಥದ ಗ್ರೀಕ್ ಪದ. ಹಾಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಕಣಗಳಿವೆ. ಕೇಸೀನ್ ಪ್ರೋಟೀನಿನ ಉಂಡೆಗಳು ಸುಮಾರು 150 ನ್ಯಾನೋಮೀಟರ್ ಅಗಲ. ಜಿಡ್ಡಿನ ಹನಿಗಳು ಸರಾಸರಿ 3 ಮೈಕ್ರೋಮೀಟರಿನಷ್ಟು, ಅಂದರೆ ಸುಮಾರು 20 ಪಟ್ಟು ದೊಡ್ಡವು. ಉತ್ತರದ ಬಹುಪಾಲು ಈ ಇಪ್ಪತ್ತರಲ್ಲೇ ಇದೆ.

ಅದನ್ನು ಲೆಕ್ಕಕ್ಕೆ ತಂದವರು ಪೋಲಿಷ್ ಭೌತವಿಜ್ಞಾನಿ ಮರಿಯನ್ ಸ್ಮೊಲುಖೋವ್ಸ್ಕಿ. ನಿಂತ ನೀರಿನಲ್ಲೂ ಅಣುಗಳ ತಾಕಲಾಟಕ್ಕೆ ಕಣಗಳು ನಡುಗುತ್ತಲೇ ಇರುತ್ತವೆ, ಒಂದನ್ನೊಂದು ಹಾಯುತ್ತವೆ. ಹೀಗೆ ಹಾಯುವ ಅವಕಾಶ ಸಮಗಾತ್ರದ ಕಣಗಳಲ್ಲಿ, ಚಿಕ್ಕವಿರಲಿ ದೊಡ್ಡವಿರಲಿ, ಒಂದೇ. ನೀರು ಹರಿದಾಗ ಲೆಕ್ಕ ಬದಲಾಗುತ್ತದೆ. ಹರಿವಿನ ಒಂದು ಪದರ ಪಕ್ಕದ ಪದರಕ್ಕಿಂತ ಬೇಗ ಸಾಗುವುದರಿಂದ ಹಿಂದಿನ ಕಣ ಮುಂದಿನದನ್ನು ಹಿಡಿಯುತ್ತದೆ; ಈ ಡಿಕ್ಕಿಯ ಅವಕಾಶ ಕಣದ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಇಪ್ಪತ್ತರ ಘನ 8,000! ಕಡೆಗೋಲಿನ ಸುಳಿಗೆ ಕೇಸೀನ್ ಕಣ ಅಷ್ಟಾಗಿ ಸಿಗುವುದಿಲ್ಲ, ಜಿಡ್ಡಿನ ಹನಿ ಚೆನ್ನಾಗಿ ಸಿಗುತ್ತದೆ.

ಹಾಗಿದ್ದರೆ ಹೆಪ್ಪಿನ ಪಾತ್ರೆ ಅಲುಗಾಡಿದರೆ ನಷ್ಟವೇನು? ಹುಳಿ ಏರಿದಂತೆ ಕೇಸೀನ್ ಕಣಗಳು ಪರಸ್ಪರ ದೂಡುವ ಶಕ್ತಿ ಕಳೆದುಕೊಂಡು ಅಂಟತೊಡಗುತ್ತವೆ. ಗೊಂಚಲು, ಗೊಂಚಲಿಗೆ ಗೊಂಚಲು, ಕೊನೆಗೆ ಪಾತ್ರೆಯ ಅಂಚಿನಿಂದ ಅಂಚಿಗೆ ಚಾಚಿದ ಒಂದೇ ಬಲೆ. ಆ ಬಲೆಯೊಳಗೆ ನೀರು ಸಿಕ್ಕಿಕೊಂಡದ್ದೇ ಗಟ್ಟಿ ಮೊಸರು. ಗೊಂಚಲು ದೊಡ್ಡದಾದಷ್ಟೂ ಅದರ ಮೇಲೆ ಹರಿವಿನ ಹಿಡಿತ ಜೋರು. ಅರೆ ಹೆಣೆದ ಬಲೆ ಆಗ ಹರಿಯುತ್ತದೆ, ತುಂಡುಗಳು ಮುದುಡಿ ಒತ್ತಾಗುತ್ತವೆ, ಮೊಸರು ನೀರು ಬಿಡುತ್ತದೆ. ಅಜ್ಜಿಯ ಗದರಿಕೆ ನೂರಕ್ಕೆ ನೂರು ಸರಿ.

ಕುಡಿಯುವ ನೀರಿನ ಸ್ಥಾವರಗಳಲ್ಲಿ ಇದೇ ವಿದ್ಯೆ. ಹೊಳೆಯ ರಾಡಿಗೆ ಆಲಂ ಬೆರೆಸಿ ಮೊದಲು ಒಂದು ನಿಮಿಷದಷ್ಟು ರಭಸದಿಂದ ಕಲಕುತ್ತಾರೆ, ಆಮೇಲೆ ಸುಮಾರು ಅರ್ಧ ಗಂಟೆ ಮೆಲ್ಲಗೆ. ಮಣ್ಣಿನ ಕಣಗಳು ಹಿಂಜಿದ ಹತ್ತಿಯಂಥ ಗರಣೆಗಳಾಗುತ್ತವೆ. ಎಂಜಿನಿಯರುಗಳ ಮಾತಿನಲ್ಲಿ ಫ್ಲಾಕ್. ಕಲಕುವ ವೇಗ ಆಗ ಹೆಚ್ಚಾದರೆ ಫ್ಲಾಕ್ ಒಡೆಯುತ್ತದೆ, ಒಡೆದದ್ದು ಮೊದಲಿನಷ್ಟು ದೊಡ್ಡದಾಗಿ ಮತ್ತೆ ಕೂಡುವುದು ಕಷ್ಟ. ಎಷ್ಟು ಕಲಕಬೇಕೆಂಬುದಕ್ಕೆ 1943ರಲ್ಲಿ ಕ್ಯಾಂಪ್ ಮತ್ತು ಸ್ಟೈನ್ ಕೊಟ್ಟ ಅಳತೆ ಇಂದಿಗೂ ಚಾಲ್ತಿಯಲ್ಲಿದೆ. ಅದರ ಬುನಾದಿ ಸ್ಮೊಲುಖೋವ್ಸ್ಕಿಯ ಲೆಕ್ಕ. ಅದು ಅಚ್ಚಾದದ್ದು 1917ರಲ್ಲಿ. ಅದೇ ವರ್ಷ ಕ್ರಾಕೋವ್ ನಗರದಲ್ಲಿ ಆಮಶಂಕೆ ಹರಡಿ, 45 ವರ್ಷದ ಆ ವಿಜ್ಞಾನಿ ತೀರಿಕೊಂಡರು.

ಯಾರೂ ಕಲಕದ ನೀರು ಕೂಡ ಸುಮ್ಮನಿರುವುದಿಲ್ಲ. ಕೆರೆಯಲ್ಲಿ ಮುಳುಗಿಸಿದ ಎರಡು ಅಂಗೈಗಳನ್ನು ಹತ್ತಿರ ತಂದರೆ ನಡುವಿನ ನೀರು ಬದಿಗೆ ಚಿಮ್ಮುತ್ತದೆ. ಕಣಗಳು ಹತ್ತಿರವಾಗುವಾಗಲೂ ಹಾಗೆಯೇ: ಹಿಂಡಿ ಹೊರಬಿದ್ದ ನೀರು ನೆರೆಯ ಕಣಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಅವು ಬೇಗ ಉಂಡೆಯಾಗಲಾರದೆ ಸರಪಳಿಯಂತೆ ನಿಲ್ಲುತ್ತವೆ. ಜಪಾನಿನ ಹಾಜಿಮೆ ತನಾಕ ಮತ್ತು ತಕೆಯಾಕಿ ಅರಾಕಿ 2000ದಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ಕಂಡರು. 2010ರಲ್ಲಿ ಫುರುಕಾವ ಮತ್ತು ತನಾಕ ಇನ್ನೂ ಮುಂದೆ ಹೋದರು: ನೀರಿನ ಈ ಓಡಾಟವನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆ ಕಣಗಳಿಂದಲೇ ಜೆಲ್, ಅಂದರೆ ಮೊಸರಿನಂತೆ ನೀರನ್ನು ಹಿಡಿದಿಟ್ಟ ಬಲೆ, ಕೂಡಿಬರುತ್ತದೆ. ನೀರನ್ನು ಬರೀ ಹಿನ್ನೆಲೆಯೆಂದು ಬಗೆದ ಲೆಕ್ಕಗಳು ಬಲೆಯನ್ನೇ ತಪ್ಪಾಗಿ ಹೆಣೆಯುತ್ತಿದ್ದವು. ಈ ಕ್ಷೇತ್ರದ ಅತಿ ಸೊಗಸಾದ ತಿಳಿವು ಇದೇ ಎನ್ನಬೇಕು.

ಇನ್ನು ಬೆಣ್ಣೆ. ಅಲ್ಲಿ ಡಿಕ್ಕಿಯೊಂದೇ ಸಾಲದು. ಹನಿಯೊಳಗಿನ ಜಿಡ್ಡು ಅರ್ಧ ಹರಳುಗಟ್ಟಿರಬೇಕು. ಒಂದರ ಹರಳಿನ ಮೊನೆ ಇನ್ನೊಂದರ ಪೊರೆಯನ್ನು ಚುಚ್ಚಿದಾಗಲೇ ಎರಡೂ ಬೆಸೆಯುತ್ತವೆ. ಬೇಸಿಗೆಯ ಸೆಕೆಗೆ ಆ ಹರಳುಗಳು ಕರಗುತ್ತವೆ, ಎಷ್ಟು ಕಡೆದರೂ ಬೆಣ್ಣೆ ಕಟ್ಟುವುದಿಲ್ಲ. ಆಗ ಅಜ್ಜಿ ಗಡಿಗೆಗೆ ಒಂದು ಚೊಂಬು ತಣ್ಣೀರು ಸುರಿದು, ಮತ್ತೆ ಹಗ್ಗ ಹಿಡಿಯುತ್ತಾಳೆ.